ಬಾತುಕೋಳಿ ಪರದೆಯ ಏಕೈಕ ಅಭಿಮಾನಿಯ ಅಹವಾಲು

ನಮ್ಮ ಅಂಗಡಿಯ ಜಾಹೀರಾತುಗಳ ಜಾಡು ಹಿಡಿಯುವ ಯಂತ್ರದ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ರಜೆಯಿಲ್ಲದೆ, ನಿದ್ದೆಯಿಲ್ಲದೆ, ಒಂದು ಲೋಟ ಕಾಫಿಯನ್ನೂ ಕೇಳದೆ ದುಡಿಯುವ ತಮಗೆ ಮೊದಲಾಗಿ ನಮಸ್ಕಾರಗಳು. ಯಾರು ಯಾವ ಜಾಹೀರಾತು ನೋಡಿ ನಮ್ಮ ಜಾಲತಾಣಕ್ಕೆ ಬಂದರು, ಯಾವ ಸರಕಿನ ಮುಂದೆ ಎಷ್ಟು ಹೊತ್ತು ನಿಂತರು, ಏನನ್ನೂ ಕೊಳ್ಳದೆ ಹೇಗೆ ಜಾರಿಕೊಂಡರು ಎಂಬುದೆಲ್ಲವೂ ತಮಗೆ ಗೊತ್ತು. ತಮ್ಮ ಮನೆಯೊಳಗೆ ಯಾರೂ ಇಣುಕದಿರಲಿ ಎಂದು ಜನ ಕಿಟಕಿ ಪರದೆ ಕೊಳ್ಳಲು ಬಂದರೆ, ಅವರನ್ನೇ ಇಣುಕಿ ನೋಡಿ ನಮಗೆ ವರದಿ ಒಪ್ಪಿಸುವ ತಮ್ಮ ಕರ್ತವ್ಯನಿಷ್ಠೆಯ ಬಗ್ಗೆಯೂ ನನಗೆ ತಕರಾರಿಲ್ಲ. ನನ್ನ ಅಹವಾಲು ಇಷ್ಟೇ: ತಾವು ನನ್ನನ್ನು ಗಿರಾಕಿ ಎಂದು ತಿಳಿದಿರಿ.

ತಮಗೆ ಮನುಷ್ಯರ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗವಾದರೂ ಹೇಳುತ್ತೇನೆ. ನನ್ನ ಅಕ್ಕ ಬಟ್ಟೆ ಕಾರ್ಖಾನೆಯ ಕೆಲಸ ಬಿಟ್ಟು, ತನ್ನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು, ಪರದೆ ಹೊಲಿದು ಜಾಲತಾಣದಲ್ಲಿ ಮಾರುತ್ತಾಳೆ. ಈ ವರ್ಷದೊಳಗೆ ಅಂಗಡಿ ಕಾಲೂರದಿದ್ದರೆ ಮತ್ತೆ ಕಾರ್ಖಾನೆಗೆ ಹೋಗುವುದಾಗಿ ಭಾವನಿಗೆ ಮಾತು ಕೊಟ್ಟಿದ್ದಾಳೆ. ಆದರೆ ಅಲ್ಲಿಂದ ಹೊರಟ ದಿನ, ಇನ್ನು ಈ ಮುಖ ನೋಡುವ ಪ್ರಮೇಯವಿಲ್ಲ ಎಂಬ ಧೈರ್ಯದಲ್ಲಿ, ಮೇಲ್ವಿಚಾರಕನಿಗೆ ಎಲ್ಲರೆದುರು ಮನಸ್ಸು ಬಿಚ್ಚಿ ನಾಲ್ಕು ಮಾತು ಆಡಿ ಬಂದಿದ್ದಾಳೆ. ಆದ್ದರಿಂದ ಅಂಗಡಿ ನಿಲ್ಲಲೇಬೇಕು.

ಇಂಥ ಅಂಗಡಿಯ ಜಾಹೀರಾತಿನ ಹೊಣೆಯನ್ನು, ವಿಮಾ ಕಚೇರಿಯಲ್ಲಿ ಕಡತ ನೋಡುವ ನಾನು, ಕೆಲವು ವಿಡಿಯೊ ಪಾಠಗಳ ಬಲದ ಮೇಲೆ ಹೊತ್ತುಕೊಂಡೆ. "ಬಟ್ಟೆ ನೀನು ನೋಡ್ಕೋ ಅಕ್ಕ, ಲಿಂಕು ನನಗೆ ಬಿಡು" ಎಂದು ನಾನು ಎದೆ ತಟ್ಟಿದಾಗ ಆಕೆ ನಂಬಿದಳು. ಹುಟ್ಟಿದಂದಿನಿಂದ ನನ್ನನ್ನು ಬಲ್ಲವಳು ಹಾಗೇಕೆ ನಂಬಿದಳು ಎಂಬುದನ್ನು ತಮ್ಮಂಥ ಸರ್ವಜ್ಞರೇ ವಿವರಿಸಬೇಕು.

ಒಂದೊಂದು ಜಾಹೀರಾತಿಗೂ ಒಂದೊಂದು ಲಿಂಕು. ಬಂದವರು ಯಾವ ಓಣಿಯಿಂದ ಬಂದರೆಂದು ತಮಗೆ ತಿಳಿಯಲಿ ಎಂದು ಆ ಲಿಂಕಿನ ಬಾಲದಲ್ಲೊಂದು ಗುರುತು. ಇಷ್ಟನ್ನು ನಾನು ಸರಿಯಾಗಿಯೇ ಮಾಡಿದೆ. ಕೆಟ್ಟದ್ದು ನನ್ನ ಎಚ್ಚರಿಕೆಯಿಂದ. ನಾವು ಮನೆಗೆ ಬೀಗ ಹಾಕಿ, ಗೇಟಿನವರೆಗೆ ಹೋಗಿ, ವಾಪಸು ಬಂದು ಬೀಗ ಎಳೆದು ನೋಡುವ ವಂಶದವರು. ಲಿಂಕು ತೆರೆಯುತ್ತಿದೆಯೋ ಇಲ್ಲವೋ ಎಂದು ನಾನು ಬೆಳಿಗ್ಗೆ ಹಲ್ಲುಜ್ಜುತ್ತ ಒಮ್ಮೆ, ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುತ್ತ ಒಮ್ಮೆ, ಅನುಮಾನ ಬಂದಾಗಲೆಲ್ಲ ಮತ್ತೊಮ್ಮೆ ಒತ್ತಿ ನೋಡುತ್ತಿದ್ದೆ. ಪಟ್ಟಿಯ ಮೊದಲಿಗಿದ್ದದ್ದು ಹಳದಿ ಬಾತುಕೋಳಿಗಳ ಚಿತ್ರವಿದ್ದ ಪರದೆ. ಬಟ್ಟೆ ವ್ಯಾಪಾರಿ ಪುಕ್ಕಟೆ ಕೊಟ್ಟ ತುಂಡಿನಲ್ಲಿ ಅಕ್ಕ ಸುಮ್ಮನೆ ಹೊಲಿದಿಟ್ಟದ್ದು ಅದು. ಅದರ ಲಿಂಕೊಂದನ್ನು ಒತ್ತಿ ನೋಡಿದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಕೆಳಗಿನ ಲಿಂಕುಗಳತ್ತ ಹೋಗಲು ಸೋಮಾರಿತನ ಬಿಡುತ್ತಿರಲಿಲ್ಲ.

ತಾವು ಇದನ್ನೆಲ್ಲ ನೋಡಿ, ಬಾತುಕೋಳಿಗೆ ಜನ ಮುಗಿಬಿದ್ದಿದ್ದಾರೆ ಎಂದು ವರದಿ ಬರೆದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಮನುಷ್ಯರಲ್ಲಷ್ಟೇ ಇದ್ದಾರೆಂದು ನಾನು ತಿಳಿದಿದ್ದೆ. ತಾವು ಉಳಿದ ಪರದೆಗಳ ಜಾಹೀರಾತನ್ನೆಲ್ಲ ನಿಲ್ಲಿಸಿ ನಾನು ತಮ್ಮ ಕೈಗೊಪ್ಪಿಸಿದ್ದ ಜಾಹೀರಾತಿನ ಹಣವನ್ನೆಲ್ಲ ಬಾತುಕೋಳಿಗೇ ಕೊಟ್ಟಿರಿ. ಅಲ್ಲದೆ, ಆ ಅಭಿಮಾನಿಯನ್ನು ಹೋಲುವವರನ್ನು, ಎಂದರೆ ಊಟದ ಡಬ್ಬಿಯ ಮುಂದೆ ಕುಳಿತ ನಡುವಯಸ್ಸಿನ ಗುಮಾಸ್ತರನ್ನು, ಊರೂರು ಹುಡುಕಿ ಅವರಿಗೆಲ್ಲ ಬಾತುಕೋಳಿ ತೋರಿಸಿದಿರಿ. ನನ್ನನ್ನು ಹೋಲುವವರು ನನ್ನಂತೆಯೇ ಏನನ್ನೂ ಕೊಳ್ಳಲಿಲ್ಲ. ಈ ವಿಷಯದಲ್ಲಿ ತಮ್ಮ ಆಯ್ಕೆಯ ನಿಖರತೆಯನ್ನು ಎಷ್ಟು ಹೊಗಳಿದರೂ ಸಾಲದು.

ಆ ವರದಿಯನ್ನು ಅಕ್ಕನಿಗೆ ಓದಿ ಹೇಳಿದವನೂ ನಾನೇ. ಅಕ್ಕನ ಕಣ್ಣರಳಿತು. ದಿನಾ ಬಂದು ನೋಡಿ ಬರಿಗೈಯಲ್ಲಿ ಹೋಗುವವರ ಮೇಲೆ ಕನಿಕರವೂ ಉಕ್ಕಿತು. "ಪಾಪ ಕಣೋ, ಕೈಲಾಗಲ್ವೇನೋ. ಬೆಲೆ ಇಳಿಸೋಣ" ಎಂದು ಬೆಲೆ ಇಳಿಸಿ, ವ್ಯಾಪಾರಿಯ ಬಳಿಯಿದ್ದ ಬಾತುಕೋಳಿ ಬಟ್ಟೆಯ ಥಾನುಗಳನ್ನೆಲ್ಲ ತರಿಸಿ, ರಾಶಿ ರಾಶಿ ಹೊಲಿದಳು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಬಾತುಕೋಳಿಗಳು ತುಂಬಿದವು. ಒಂದೂ ಹೊರಗೆ ಹೋಗಲಿಲ್ಲ. ಅಕ್ಕ ಮೇಲ್ವಿಚಾರಕನ ಹೆಸರು ತೆಗೆದು ನಿಟ್ಟುಸಿರು ಬಿಡಲಾರಂಭಿಸಿದಳು.

ಕೊನೆಗೊಂದು ಭಾನುವಾರ ಭಾವ ಕನ್ನಡಕ ಏರಿಸಿಕೊಂಡು, ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ತಮ್ಮ ವರದಿಯನ್ನು ಗಟ್ಟಿಯಾಗಿ ಓದಿದರು. "ಈ ಅಭಿಮಾನಿಗಳೆಲ್ಲ ಸೇರಿ ಒಬ್ಬನೇ ಕಣ್ರೋ. ಗಂಡಸು. ನಲವತ್ತು ದಾಟಿದೆ. ನಮ್ಮದೇ ಬಡಾವಣೆ. ದಿನಾ ನೋಡ್ತಾನೆ, ಒಂದ್ಸಲಾನೂ ಕೊಂಡಿಲ್ಲ." ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಕೆಳಗಿಡದೆ, "ಬರೀ ನೋಡಿ ಏನೂ ಕೊಳ್ಳದ ಗಂಡಸು ಈ ಬಡಾವಣೇಲಿ ಒಬ್ರೇ ಇರೋದು" ಎಂದಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಕೈ ಜೇಬಿನಲ್ಲಿದ್ದ ಫೋನಿನ ಮೇಲೆ ಹೋಯಿತು. ಎಲ್ಲರೂ ನೋಡಿದರು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಚಿಕ್ಕದಾಗುತ್ತಿತ್ತು. "ಆಯ್ತು ಬಿಡೋ. ನಮ್ಮಂಗಡಿಗೆ ಇರೋದು ಒಬ್ಬನೇ ಗಿರಾಕಿ. ಅವನಿಗೆ ಮರ್ಯಾದೆ ಮಾಡೋದು ಬೇಡ್ವಾ?" ಎಂದವಳೇ, ಮರುದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ನಮ್ಮ ಮನೆಯ ಪ್ರತಿಯೊಂದು ಕಿಟಕಿಗೂ, ಬಚ್ಚಲುಮನೆಯ ಬೆಳಕಿಂಡಿಗೂ, ಬಾತುಕೋಳಿ ತೂಗುಹಾಕಿ ಹೋಗಿದ್ದಳು. ತೆಗೆಯಲು ಹೋದರೆ ಹೆಂಡತಿ, "ಅತ್ತಿಗೆ ಪ್ರೀತಿಯಿಂದ ಕೊಟ್ಟಿದ್ದು. ಇರ್ಲಿ" ಎಂದಳು.

ಹೀಗೆ ಬೀದಿಯ ನಗೆಪಾಟಲಾಗಿ ಕೆಲವು ದಿನ ಕಳೆದ ಮೇಲೆ, ಬಸ್ಸಿನಿಂದ ನಮ್ಮ ಕಿಟಕಿಗಳನ್ನು ಕಂಡ ಮಹಿಳೆಯೊಬ್ಬರು ಮುಂದಿನ ನಿಲ್ದಾಣದಲ್ಲಿಳಿದು ಬಂದು ಬಾಗಿಲು ತಟ್ಟಿದರು. ಅವರು ಶಿಶುವಿಹಾರಗಳನ್ನು ನಡೆಸುವವರು. "ಇಲ್ಲಿ ಮಕ್ಕಳ ಶಾಲೆ ಇದೆಯಾ?" ಎಂದು ಕೇಳಿದರು. ಇಲ್ಲ, ನಾವೇ ಇರುವುದು ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೊಡ್ಡ ಮನಸ್ಸಿನಿಂದ ಮಾತು ಬದಲಿಸಿ, ತಮ್ಮ ಎಲ್ಲ ಶಾಖೆಗಳ ಎಲ್ಲ ಕಿಟಕಿಗಳಿಗೂ ಇದೇ ಪರದೆ ಬೇಕೆಂದರು. ಅಕ್ಕನ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಕೂಗಿದ್ದರೆ ಕೇಳುತ್ತಿತ್ತು. ಆದರೆ ಲಿಂಕಿನ ಜವಾಬ್ದಾರಿ ಹೊತ್ತ ನಾನು, ಸಂಭ್ರಮದಲ್ಲಿ ಪಟ್ಟಿಯ ಮೊದಲ ಲಿಂಕನ್ನು, ಬಾಲದ ಗುರುತಿನ ಸಮೇತ, ಅವರ ಫೋನಿಗೆ ಕಳಿಸಿದೆ. ಅವರು ನಿಂತಲ್ಲೇ ಕೊಂಡರು. ಮುಂದಿನ ಕೋಣೆ ಖಾಲಿಯಾಯಿತು. ಅಕ್ಕ ಈಗ ಮತ್ತೊಬ್ಬ ಹೊಲಿಗೆಯವಳನ್ನು ಹುಡುಕುತ್ತಿದ್ದಾಳೆ. ಮೇಲ್ವಿಚಾರಕನ ಹೆಸರು ಮನೆಯಲ್ಲಿ ನಗುವುದಕ್ಕಷ್ಟೇ ಬರುತ್ತದೆ.

ಮಾನ್ಯರೇ, ಮರುದಿನ ತಾವು ಬರೆದ ವರದಿಯನ್ನು ನಾನು ಚೌಕಟ್ಟು ಹಾಕಿಸಿ ಇಡಬೇಕೆಂದಿದ್ದೇನೆ. ಈ ಮಾರಾಟ ಸಂಪೂರ್ಣವಾಗಿ ಬಾತುಕೋಳಿ ಜಾಹೀರಾತಿನಿಂದ ಬಂದದ್ದೆಂದೂ, ನಡುವಯಸ್ಸಿನ ಗುಮಾಸ್ತರಿಗೆ ಅದನ್ನು ಇನ್ನಷ್ಟು ತೋರಿಸಬೇಕೆಂದೂ ತಾವು ಸಲಹೆ ಕೊಟ್ಟಿದ್ದೀರಿ. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದ ಅಜ್ಜಿಗೆ ಕೋಳಿಯಾದರೂ ಇತ್ತು. ತಮಗೆ ಇದ್ದದ್ದು ಬಾತುಕೋಳಿ. ಆದ್ದರಿಂದ ತಮ್ಮಲ್ಲಿ ವಿನಂತಿ: ತಮ್ಮ ವರದಿಯಲ್ಲಿ 'ಬಸ್ಸಿನ ಕಿಟಕಿಯಿಂದ ಬಂದವರು' ಎಂದೊಂದು ಕಾಲಂ ತೆರೆಯಬೇಕು, 'ಅಕ್ಕನ ಸಿಟ್ಟಿನಿಂದಾದ ಮಾರಾಟ' ಎಂದು ಇನ್ನೊಂದು. ಅವಳ ಸಿಟ್ಟಿಗೆ ಬಾಲದಲ್ಲಿ ಯಾವ ಗುರುತು ಕಟ್ಟಬೇಕೆಂದು ನನಗೆ ತಿಳಿಯದು. ನನ್ನ ಹೆಸರನ್ನು ಗಿರಾಕಿಗಳ ಪಟ್ಟಿಯಿಂದ ತೆಗೆಯಬೇಕೆಂದು ಮಾತ್ರ ಕೇಳುವುದಿಲ್ಲ. ಅಲ್ಲಿಯಾದರೂ ನನಗೊಂದು ಮರ್ಯಾದೆಯಿದೆ.

ಹಲ್ಲುಜ್ಜುವಾಗಲೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಪರದೆ ಅಂಗಡಿಯ ಲಿಂಕು ಗುಮಾಸ್ತ

ತಾ.ಕ.: ಈ ಪತ್ರವನ್ನು ಅಂಗಡಿಯ ಜಾಲತಾಣದಲ್ಲೇ ಹಾಕಿದ್ದೇನೆ. ಲಿಂಕು ತೆರೆಯುತ್ತಿದೆಯೋ ಎಂದು ಈಗಷ್ಟೇ ಒತ್ತಿ ನೋಡಿದೆ. ಅನುಮಾನ ಬಂದು ಮತ್ತೆ ಒತ್ತಿದೆ. ಪತ್ರಕ್ಕೆ ಓದುಗರು ಮುಗಿಬಿದ್ದಿದ್ದಾರೆಂದು ತಾವಾಗಲೇ ಅಕ್ಕನಿಗೆ ತಿಳಿಸಿದ್ದೀರಂತೆ. ಇಂಥದ್ದೇ ಇನ್ನಷ್ಟು ಬರೆದು ರಾಶಿ ಹಾಕು ಎನ್ನುತ್ತಿದ್ದಾಳೆ.