ಬಾಳಿಕೆ ಬತ್ತದಾ ಸ್ವಾಮಿ?

ಬಟ್ಟೆ ಕೊಳ್ಳೋಕೆ ಬಂದವರು ಅಂಗಡಿಯವನ ಮಾತು ನಂಬಿದ್ದನ್ನು ನಾನಂತೂ ಕಂಡಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಂಡ್ಯದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸೋ ಕೆಲಸ ನನ್ನದು. ಬಟ್ಟೆ ಸಿಗೋದೇ ಕಷ್ಟವಾಗಿದ್ದ ದಿನಗಳು. ಒಮ್ಮೆ ಕೊಂಡದ್ದು ನಾಲ್ಕಾರು ವರ್ಷ ಬರಲೇಬೇಕು. ಗಿರಾಕಿಗಳು ಪರೀಕ್ಷಕರ ಹಾಗೆ ಬರೋರು. ಫೇಲಾಗುತ್ತಿದ್ದವರು ನಾವು.

ಪಂಚೆ

ಯಲಿಯೂರಿನ ರೈತರೊಬ್ಬರು ಪಂಚೆ ಕೇಳಿದರು. ತೋರಿಸಿದೆ.

"ಎಷ್ಟು ವರ್ಸ ಬತ್ತದೆ?"

"ಮೂರು ವರ್ಷಕ್ಕೆ ಮೋಸವಿಲ್ಲ."

"ಇಡ್ಕೊ ಆ ತುದಿಯ," ಅಂದವರೇ ಈ ತುದಿ ಹಿಡಿದು ಎಳೆದರು. ಗಾಣದೆತ್ತಿನಂಥ ಆಳು. ನಾನೂ ಬಿಡಲಿಲ್ಲ. 'ಪರ್ರ್' ಅಂತ ಸದ್ದಾಯಿತು. ಇಬ್ಬರೂ ಗಾಬರಿಯಾಗಿ ಪಂಚೆ ನೋಡಿದೆವು, ಒಂದೆಳೆಯೂ ಜಗ್ಗಿರಲಿಲ್ಲ. ಹರಿದದ್ದು ನನ್ನ ಅಂಗಿಯ ಕಂಕುಳು.

"ಈ ಅಂಗಿ ಬಟ್ಟೆ ಎಲ್ಲಿ ತಕ್ಕಂಡೆ?"

"ಇದೇ ಅಂಗಡೀಲಿ."

"ಪಂಚೆ ಕಟ್ಟು. ಅಂಗಿ ಬಟ್ಟೆ ಮಾತ್ರ ನಂಗೆ ತೋರಿಸ್ಬ್ಯಾಡ ಕಣಪ್ಪ!"

ಕೋಟು

ನಮ್ಮ ಜಗಲಿಯ ಮೇಲೆ ಒಬ್ಬ ಸಾಹೇಬರು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಮದ್ದೂರಿನ ಮೇಷ್ಟ್ರೊಬ್ಬರು ನಮ್ಮಲ್ಲಿ ಕೋಟಿನ ಬಟ್ಟೆ ಕೊಂಡು ಅವರ ಮುಂದೆ ನಿಂತರು.

"ರಿಟೈರ್ ಆಗೋವರೆಗೂ ಇದೇ ಕೋಟು. ಹೊಟ್ಟೆ ಬಂದರೆ ಬಿಚ್ಚಿಕೊಳ್ಳೋಕೆ ಒಳಗೆ ಧಾರಾಳವಾಗಿ ಬಟ್ಟೆ ಬಿಡಿ."

ಸಾಹೇಬರು ಒಂದು ಗೇಣು ಬಿಟ್ಟು ಮಡಿಸಿ ಹೊಲಿದರು. ಅಷ್ಟರಲ್ಲಿ ಅಕ್ಕಿ, ರಾಗಿಗೂ ರೇಷನ್ ಬಂತು. ಎರಡು ವರ್ಷ ಬಿಟ್ಟು ಮೇಷ್ಟ್ರು ಬಂದಾಗ ಕೋಟಿನೊಳಗೆ ಇನ್ನೊಬ್ಬ ಮೇಷ್ಟ್ರಿಗೂ ಜಾಗವಿತ್ತು.

ಸಾಹೇಬರು ಮರುಗಿದರು. "ಅಯ್ಯೋ, ಲೆಕ್ಕ ತಪ್ಪಿತಲ್ಲ ಮೇಷ್ಟ್ರೇ!"

"ಎಲ್ಲಿ ತಪ್ಪಿತು?" ಮೇಷ್ಟ್ರು ಬೀಗಿದರು. "ಒಳಗೆ ಬಿಟ್ಟಿರೋದನ್ನೆಲ್ಲ ಕತ್ತರಿಸಿ ಮಗನಿಗೊಂದು ತೋಳಿಲ್ಲದ ಕೋಟು ಹೊಲೀರಿ. ಒಂದು ಕೊಂಡೆ, ಎರಡಾಯ್ತು!"

ಸೀರೆ

ಮಳವಳ್ಳಿ ಕಡೆಯ ಅಜ್ಜಿಯೊಬ್ಬಳು ಮೊಮ್ಮಗಳ ಮದುವೆಗೆ ಸೀರೆ ನೋಡೋಕೆ ಬಂದಳು. ಕೆಂಪು ಸೀರೆಯೊಂದು ಮೆಚ್ಚಿಗೆಯಾಯಿತು.

"ಬಣ್ಣ ಓಯ್ತದಾ?"

ಯಜಮಾನರಿಗೆ ರೇಗಿತು. "ಬಣ್ಣ ಬಿಟ್ಟರೆ ಸೀರೆ ಬಿಟ್ಟಿ ಕೊಡ್ತೀನಿ ಕಣಮ್ಮ!"

ಅಜ್ಜಿ ನಮ್ಮ ಕುಡಿಯೋ ನೀರಿನ ಚೊಂಬಿಗೇ ಸೆರಗಿನ ತುದಿ ಅದ್ದಿದಳು. ಉಜ್ಜಿ ನೋಡೋಕೆ ಬಿಳಿ ಬಟ್ಟೆ ಬೇಕಲ್ಲ. ಹತ್ತಿರ ಸಿಕ್ಕಿದ್ದು ಯಜಮಾನರ ಜುಬ್ಬದ ತೋಳು. ಉಜ್ಜಿದಳು. ತೋಳು ಓಕುಳಿಯಾಯಿತು. ಅಂಗಡಿಯೆಲ್ಲ ನಗು.

"ಆಡಿದ ಮಾತು ಆಡಿದ್ದೇ. ತಗೊಂಡು ಹೋಗಮ್ಮ," ಯಜಮಾನರು ಸೀರೆ ಮುಂದೆ ತಳ್ಳಿದರು.

"ಬಣ್ಣ ಬುಡೋ ಸೀರೆ ಬಿಟ್ಟಿ ಕೊಟ್ರೂ ಬ್ಯಾಡ ಕಣಪ್ಪ," ಅಂದ ಅಜ್ಜಿ, ಇನ್ನೊಂದನ್ನು ಅದ್ದಿ, ಉಜ್ಜಿ, ಗೆದ್ದದ್ದನ್ನು ಕೊಂಡು ಹೋದಳು.

ಮೂರು ತಿಂಗಳಾದ ಮೇಲೆ ಅಜ್ಜಿ ಮತ್ತೆ ಬಂದಳು. ಯಜಮಾನರ ಮೈಮೇಲೆ ಅದೇ ಜುಬ್ಬ. ಬಟ್ಟೆಗೆ ಬರವಿದ್ದಾಗ ಎಸೆಯೋಕಾದೀತೇ? ತೋಳಿನ ಕೆಂಪು ಹಾಗೇ ಇತ್ತು.

"ಒಗೆಸ್ನಿಲ್ವಾ?"

"ಹತ್ತು ಸಲ ಒಗೆಸಿದೆ. ಸೋಡಾ ಹಾಕಿ ಬೇಯಿಸಿದೆ. ಏನು ಮಾಡಿದರೂ ಹೋಗ್ತಿಲ್ಲ!"

ಅಜ್ಜಿ ತೋಳು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಕೆಂಪು ಸೀರೆ ಕಟ್ಟಪ್ಪ," ಅಂದಳು.

"ಬಣ್ಣ ಬಿಡುತ್ತೆ ಅಂದೆಯಲ್ಲಮ್ಮ?" ಯಜಮಾನರು ಬೆರಗಾದರು.

"ಅವತ್ತು ಬುಡ್ತು, ನೀ ಆಡಿದ ಮಾತ್ನಂಗೆ ಬಿಟ್ಟಿ ಕೊಡು. ಇಷ್ಟು ಒಗೆದ್ರೂ ಓಗಿಲ್ಲ, ಅದಕ್ಕೇ ಬೇಕು!"