ಡಬ್ಬಿ ಖಾಲಿ ಕೊಡಬಾರದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಸೀರೆಯ ಚಟ. ನನಗಿರುವುದು ಯಾವುದನ್ನೂ ಎಸೆಯಲಾಗದ ಚಟ. ನಾನು ಇದನ್ನು ಮಿತವ್ಯಯ ಎನ್ನುತ್ತೇನೆ. ಮನೆಯವರು ಬೇರೆ ಹೆಸರಿನಿಂದ ಕರೆಯುತ್ತಾರೆ. ಕಾಂದಿವಲಿಯ ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಆಗ ತುಂಬಿಸಿಟ್ಟ ನೀರು ಎರಡು ಕೆಲಸವನ್ನಾದರೂ ಮಾಡದೆ ಮೋರಿ ಸೇರಲು ನಾನು ಬಿಡುವುದಿಲ್ಲ. ಅಕ್ಕಿ ತೊಳೆದದ್ದು ಬಾಲ್ಕನಿಯ ಬಸಳೆಗೆ, ತರಕಾರಿ ತೊಳೆದದ್ದು ಕರಿಬೇವಿಗೆ, ವಾಷಿಂಗ್ ಮೆಷಿನ್ನಿನ ಕೊನೆಯ ನೀರು ನೆಲ ಒರೆಸುವುದಕ್ಕೆ, ಅದರಲ್ಲೂ ಮಿಕ್ಕಿದ್ದು ಸಂಡಾಸಿಗೆ. ಇದಕ್ಕಾಗಿ ಬಚ್ಚಲಿನಲ್ಲಿ ಸಾಲಾಗಿ ಬಕೆಟ್ಟುಗಳನ್ನು ಇಟ್ಟಿದ್ದೇನೆ. ಸ್ನಾನ ಮಾಡುವವರು ನಡುವೆ ಸಿಕ್ಕಷ್ಟು ಜಾಗದಲ್ಲಿ ನಿಲ್ಲಬೇಕು. ಒಮ್ಮೆ ಇವರ ಸ್ನೇಹಿತರೊಬ್ಬರು ಮಾತಿನ ನಡುವೆ ನೀರಿನ ಲೋಟವನ್ನು ಕೆಳಗಿಟ್ಟರು. ಅರ್ಧ ಉಳಿದಿದೆಯಲ್ಲ ಎಂದು ನಾನು ಎತ್ತಿಕೊಂಡು ಹೋಗಿ ಬಸಳೆಗೆ ಸುರಿದೆ. ಅವರು ಇನ್ನೂ ಕುಡಿಯುವವರಿದ್ದರಂತೆ. ಆಮೇಲೆ ನಮ್ಮಲ್ಲಿಗೆ ಬಂದಾಗಲೆಲ್ಲ ಅವರು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂರುತ್ತಾರೆ.

ನೀರಿನ ವಿಷಯದಲ್ಲಿ ನಾನು ಗೆದ್ದೆ ಎಂದೇ ಹೇಳಬೇಕು. ಸೋತದ್ದು ಅನ್ನದ ವಿಷಯದಲ್ಲಿ. ನಮ್ಮ ಸಂಸಾರ ಮೂರು ಜನರದ್ದು. ನನ್ನ ಕೈ ಮಾತ್ರ ಉಡುಪಿ ಕಡೆಯ ತುಂಬು ಮನೆಯಲ್ಲಿ ಪಳಗಿದ್ದು. ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಅದು ಹನ್ನೆರಡು ಮಂದಿಗೆ ಬೇಕಾದಷ್ಟನ್ನು ಎತ್ತಿಕೊಂಡೇ ಮೇಲೆ ಬರುತ್ತದೆ. ತಿನ್ನುವವರಾದರೂ ಇದ್ದಾರೆಯೇ? ಇವರು ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ದಿನವಿಡೀ ಸಾಂಬಾರಿನ ವಾಸನೆ ಕುಡಿದು ಬರುವ ಮನುಷ್ಯನಿಗೆ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಸಾಕು. ಮಗಳು ನಿಶಾ ವಿಲೆ ಪಾರ್ಲೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಅನ್ನ ಕಂಡರೆ ಭಯ, ನಿನ್ನೆಯ ಅನ್ನ ಕಂಡರೆ ಇನ್ನೂ ಭಯ. ಹಾಗಾಗಿ ನಮ್ಮಲ್ಲಿ ದಿನವೂ ಏನಾದರೊಂದು ಉಳಿಯುತ್ತದೆ. ಉಳಿದದ್ದನ್ನು ಎಸೆಯುವುದು ನನ್ನ ಜಾಯಮಾನದಲ್ಲಿಲ್ಲ. ಅನ್ನ ಮರುದಿನ ಚಿತ್ರಾನ್ನವಾಗುತ್ತದೆ, ಪಲ್ಯ ಪರೋಟದೊಳಗೆ ಅಡಗಿಕೊಳ್ಳುತ್ತದೆ, ಹುಳಿಯ ಹೋಳುಗಳು ಕಡಲೆಹಿಟ್ಟು ಹೊದ್ದುಕೊಂಡು ಎಣ್ಣೆಗೆ ಬೀಳುತ್ತವೆ. ನಿಶಾ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಪೊಲೀಸರ ಹಾಗೆ ವಿಚಾರಿಸುತ್ತಾಳೆ, "ಅಮ್ಮ, ಸಚ್ ಬೋಲ್ನಾ, ಇದು ಮೊದಲು ಏನಿತ್ತು?"

ಮನೆಯವರು ಕೈ ಬಿಟ್ಟಾಗ ನನ್ನ ಕೈ ಹಿಡಿದವರು ನೆರೆಹೊರೆಯವರು. ಮೂರನೆಯ ಮಾಳಿಗೆಯ ಶಾರದಕ್ಕ ನಮ್ಮ ಊರ ಕಡೆಯವರೇ. ನಮ್ಮ ಎದುರು ಬಾಗಿಲಿನ ಹಂಸಾಬೇನ್ ಗುಜರಾತಿನವರು. ನಾವು ಮೂವರೂ ಏನಾದರೂ ಹೆಚ್ಚಾದರೆ ಡಬ್ಬಿಯಲ್ಲಿ ಹಾಕಿ ಒಬ್ಬರಿಗೊಬ್ಬರು ಕೊಡುತ್ತೇವೆ. ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನನ್ನ ಅಜ್ಜಿಯ ಕಾಲದ ನಿಯಮ, ಹಂಸಾಬೇನರ ಅಜ್ಜಿಯ ಕಾಲದ್ದೂ ಹೌದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕು. ಆದ್ದರಿಂದ ಯಾವಾಗ ನೋಡಿದರೂ ಯಾರದೋ ಡಬ್ಬಿ ಯಾರದೋ ಮನೆಯಲ್ಲಿ ತುಂಬುವುದಕ್ಕೆ ಕಾಯುತ್ತಾ ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಒಂದು ಅಗುಳೂ ಹಾಳಾಗುವುದಿಲ್ಲ ಎಂದು ನಾನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಹೆಮ್ಮೆ ಪೂರ್ತಿ ನಿಂತಿದ್ದದ್ದು ಈ ಡಬ್ಬಿಗಳ ಮೇಲೆ.

ಒಂದು ಭಾನುವಾರ ಇಡ್ಲಿ ಮಾಡಿದೆ. ಹಿಟ್ಟಿಗೆ ಕುಟ್ಟಿದ ಕಾಳುಮೆಣಸು, ತೆಂಗಿನಕಾಯಿಯ ಸಣ್ಣ ಚೂರು ಹಾಕುವುದು ನನ್ನ ತಾಯಿಯ ಮನೆಯ ಪದ್ಧತಿ. ಇವರು ಎರಡು ತಿಂದರು, ನಿಶಾ ಒಂದನ್ನು ಮುರಿದು ನೋಡಿದಳು. ಮಿಕ್ಕದ್ದನ್ನೆಲ್ಲ ಶಾರದಕ್ಕನ ಡಬ್ಬಿಗೆ ತುಂಬಿ ಮೇಲೆ ಕಳಿಸಿ, ಪುಣ್ಯ ಕಟ್ಟಿಕೊಂಡವಳ ಹಾಗೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಮಂಗಳವಾರ ಸಂಜೆ ಹಂಸಾಬೇನ್ ನನ್ನ ಡಬ್ಬಿಯನ್ನು ಹಿಂದಿರುಗಿಸಿದರು. ಒಳಗೆ ಚೌಕಾಕಾರದ ಬಿಳಿಯ ತುಂಡುಗಳು. ಮೇಲೆ ಸಾಸಿವೆ, ಎಳ್ಳು, ಕರಿಬೇವಿನ ಒಗ್ಗರಣೆ. ಬಾಯಿಗಿಟ್ಟರೆ ತುಸು ಸಿಹಿ, ತುಸು ಹುಳಿ, ನಡುನಡುವೆ ಖಾರ. ನನಗೆ ಎಷ್ಟು ಹಿಡಿಸಿತೆಂದರೆ ನಿಂತಲ್ಲೇ ಅರ್ಧ ಡಬ್ಬಿ ಮುಗಿಸಿದೆ. ನಿಶಾಳನ್ನು ಕರೆದು ಒಂದು ಪಾಠವನ್ನೂ ಹೇಳಿದೆ. "ನೋಡು, ಅಡಿಗೆ ಅಂದ್ರೆ ಹೀಗಿರ್ಬೇಕು. ಎಷ್ಟು ಹಗುರ, ಎಷ್ಟು ಫ್ರೆಶ್! ಗುಜರಾತಿನವರೂ ನಮ್ಮ ಹಾಗೇ ಕಾಳುಮೆಣಸು ಕುಟ್ಟಿ ಹಾಕ್ತಾರೆ, ನೋಡಿ ಕಲಿ."

ನಿಶಾ ಒಂದು ತುಂಡು ತಿಂದು ಹುಬ್ಬು ಗಂಟಿಕ್ಕಿದಳು. "ಅಮ್ಮ, ಇದು ನಾನು... ಕಹೀಂ ಖಾಯಾ ಹೈ."

"ನೀನು ಇಂಥದ್ದನ್ನು ಎಲ್ಲಿ ತಿನ್ಬೇಕು!" ಎಂದು ಗದರಿ, ಮಾಡುವ ವಿಧಾನ ಕೇಳಿಯೇ ಬಿಡೋಣವೆಂದು ಎದುರು ಬಾಗಿಲು ತಟ್ಟಿದೆ. ಗ್ರಹಚಾರಕ್ಕೆ ಶಾರದಕ್ಕನೂ ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು.

"ರೆಸಿಪಿ?" ಹಂಸಾಬೇನ್ ಸಂಕೋಚಪಟ್ಟರು. "ಅರೇ ಭಾಭೀ, ಮೈನೇ ತೋ ಸಿರ್ಫ್ ಕಾಟಾ ಔರ್ ತಡಕಾ ದಿಯಾ. ಇಡ್ಲೀ ತೋ ಶಾರದಾಬೇನ್ ಕೇ ಘರ್ ಸೇ ಆಯೀ ಥೀ."

ಅಂದರೆ ಹಂಸಾಬೇನ್ ಮಾಡಿದ್ದು ಕತ್ತರಿಸಿ ಒಗ್ಗರಣೆ ಕೊಟ್ಟದ್ದಷ್ಟೇ, ಇಡ್ಲಿ ಬಂದದ್ದು ಶಾರದಕ್ಕನ ಮನೆಯಿಂದ. ನಾನು ಶಾರದಕ್ಕನ ಕಡೆ ತಿರುಗಿದೆ. ಅವರು ಚಹಾದ ಕಪ್ಪಿನೊಳಗೆ ಏನನ್ನೋ ಹುಡುಕುತ್ತಿದ್ದರು. "ಎಂತ ಮಾಡುದು ಮಾರಾಯ್ತಿ," ಎಂದರು ಕಡೆಗೆ. "ಆ ದಿನ ನಮ್ಮಲ್ಲಿ ದೋಸೆಯೇ ರಾಶಿ ಉಳ್ದಿತ್ತು. ನೀನು ಪ್ರೀತಿಯಲ್ಲಿ ಕಳ್ಸಿದ್ದನ್ನು ಬೇಡ ಹೇಳ್ಲಿಕ್ಕೆ ಆಗ್ತದಾ? ಹಂಸಾಬೇನಿನ ಡಬ್ಬಿ ಬೇರೆ ವಾರದಿಂದ ನನ್ನ ಹತ್ರ ಕೂತಿತ್ತು. ಖಾಲಿ ಕೊಡ್ಲಿಕ್ಕಾಗ್ತದಾ, ನೀನೇ ಹೇಳು."

ನನ್ನ ಬಾಯಲ್ಲಿ ಇನ್ನೂ ತಾಯಿಯ ಮನೆಯ ಕಾಳುಮೆಣಸಿನ ಖಾರವಿತ್ತು. ಸ್ವಂತ ಮಗುವನ್ನು ಜಾತ್ರೆಯಲ್ಲಿ ಕಂಡು "ಯಾರ ಮಗು, ಚಂದ ಉಂಟಲ್ಲ!" ಎಂದವಳ ಹಾಗೆ ನಾಚಿಕೆಯಾಯಿತು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಮನಸ್ಸಿಗೆ ಚುಚ್ಚಿತು. ನಾನು ಇಷ್ಟು ದಿನ ಮಾಡುತ್ತಿದ್ದದ್ದು ಉಳಿತಾಯವೇ ಅಲ್ಲ. ಬೇರೆಯವರ ಮನೆಗೆ ದಾಟಿಸುತ್ತಿದ್ದೆ, ಅಷ್ಟೇ. ಅವರೂ ಅದನ್ನೇ ಮಾಡುತ್ತಿದ್ದರು.

ಅದೇ ವಾರ ಸೊಸೈಟಿಯ ಮೀಟಿಂಗು. ಬೇಸಿಗೆ, ನೀರು ಕಡಿತ ಬೇರೆ. ಸೆಕ್ರೆಟರಿ ಸಾವಂತರಿಗೆ ನನ್ನ ಬಕೆಟ್ಟುಗಳ ಕೀರ್ತಿ ಯಾರಿಂದಲೋ ತಲುಪಿತ್ತು. "ವಹಿನೀ, ತುಮ್ಹೀ ಬೋಲಾ," ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನೀರಿನ ಬಗ್ಗೆ ಗೊತ್ತಿದ್ದದ್ದನ್ನು ಹೇಳಿದೆ. ಆಮೇಲೆ ನಾಲಿಗೆ ತಡೆಯಲಿಲ್ಲ, ಇಡ್ಲಿಯ ಕಥೆಯನ್ನೂ ಹೇಳಿಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ನಗು ಕಂಡರೆ ಭಾಷಣಕಾರರಿಗೆ ತಲೆ ನಿಲ್ಲುವುದಿಲ್ಲ. ಉಳಿದದ್ದಕ್ಕೆ ಹೊಸ ರೂಪ ಕೊಡುವುದು ಜಾಣತನವಲ್ಲ, ಉಳಿಯದಂತೆ ಅಳತೆಯಲ್ಲಿ ಬೇಯಿಸುವುದೇ ಜಾಣತನ ಎಂದೆ. ಇನ್ನು ಮುಂದೆ ನನ್ನ ಮನೆಯಿಂದ ಉಳಿದ ಅಡುಗೆಯ ಡಬ್ಬಿ ಹೊರಬಿದ್ದರೆ ಲಿಫ್ಟಿನಲ್ಲಿ ತಡೆದು ಕೇಳಿ ಎಂದು ಎಲ್ಲರೆದುರು ಸವಾಲನ್ನೂ ಹಾಕಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಶಾರದಕ್ಕ ಎಲ್ಲರಿಗಿಂತ ಹೆಚ್ಚು ತಟ್ಟಿದರು.

ಮಾತು ಕೊಟ್ಟ ಮೇಲೆ ನಡೆಯಬೇಕಲ್ಲ. ಅಕ್ಕಿ ಡಬ್ಬಕ್ಕೆ ಕೈ ಹಾಕುವುದನ್ನು ಬಿಟ್ಟು ಪಾವಿನಲ್ಲಿ ಅಳೆಯತೊಡಗಿದೆ. ತರಕಾರಿ ಆ ದಿನಕ್ಕೆ ಬೇಕಾದಷ್ಟೇ ತಂದೆ. ಫ್ರಿಜ್ಜಿನ ಒಳಗೋಡೆ ಬೆಳ್ಳಗಿದೆ ಎಂಬುದು ನನಗೆ ಮೊದಲ ಸಲ ತಿಳಿಯಿತು. ಒಂದೇ ಒಂದು ತೊಂದರೆ. ಶಾರದಕ್ಕನ ಇನ್ನೊಂದು ಡಬ್ಬಿ ನಮ್ಮಲ್ಲೇ ಉಳಿದಿತ್ತು. ಖಾಲಿ ಕೊಡುವಂತಿಲ್ಲ, ತುಂಬಲು ಏನೂ ಇಲ್ಲ. ಸಕ್ಕರೆ ಹಾಕಿ ಕೊಡೋಣವೆಂದರೆ ಇಷ್ಟು ವರ್ಷದ ಸ್ನೇಹಕ್ಕೆ ಅದು ತೀರಾ ಜುಜುಬಿ ಎನಿಸುತ್ತಿತ್ತು. ಅಡುಗೆಮನೆಗೆ ಹೋದಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಇವರ ಫೋನು. "ಊರಿಂದ ಅಣ್ಣ, ಅತ್ತಿಗೆ, ಮಕ್ಕಳು ಬಂದಿದ್ದಾರೆ. ಲೋಕಲ್ ಹತ್ತಿ ಆಯ್ತು. ಮನೆಗೇ ಕರ್ಕೊಂಡು ಬರ್ತೇನೆ." ಇಷ್ಟು ಹೇಳುವುದರೊಳಗೆ ಸದ್ದುಗದ್ದಲದಲ್ಲಿ ಮಾತು ಕಡಿದುಹೋಯಿತು. ಮನೆಯಲ್ಲಿ ಮೂವರಿಗೆ ಅಳೆದು ಮಾಡಿದ ಅನ್ನ, ಮೂರು ಸೌಟು ಸಾರು. ಊರಿನಿಂದ ಬಂದ ಭಾವನವರಿಗೆ ಅನ್ನ ಸಾಲಲಿಲ್ಲವೆಂದರೆ ಸುದ್ದಿ ನಾವು ಊರಿಗೆ ಹೋಗುವ ಮೊದಲೇ ಊರು ಮುಟ್ಟುತ್ತದೆ. ಅನ್ನಕ್ಕೆ ಮತ್ತೆ ಎಸರಿಟ್ಟೆ. ಮೇಲೋಗರಕ್ಕೆ ಏನು ಮಾಡುವುದು? ಶಾರದಕ್ಕನ ಡಬ್ಬಿಯನ್ನು ನಿಶಾಳ ಕೈಗೆ ಕೊಟ್ಟು, "ಓಡು, ಏನಾದ್ರೂ ಉಳಿದಿದೆಯಾ ಕೇಳು, ಎದುರು ಮನೆಯಲ್ಲೂ ಕೇಳು," ಎಂದು ಅಟ್ಟಿದೆ.

ನಿಶಾ ನಗು ತಡೆಯುತ್ತಾ ಹಿಂತಿರುಗಿದಳು. "ಶಾರದಾ ಆಂಟಿ ಹೇಳಿದ್ರು, ಅಮ್ಮನ ಸ್ಪೀಚ್ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಕುಛ್ ಬಚ್ತಾ ಹೀ ನಹೀಂ, ಏನೂ ಉಳಿಯೋದೇ ಇಲ್ಲ ಅಂತೆ. ಹಂಸಾ ಆಂಟೀ ಭೀ ಸೇಮ್. ನಿನಗೆ ಥ್ಯಾಂಕ್ಸ್ ಹೇಳಿದ್ರು." ಡಬ್ಬಿ ತೆರೆದು ನೋಡಿದೆ. ತಳದಲ್ಲಿ ಒಂದು ಚಮಚ ಸಕ್ಕರೆ. ಶಾರದಕ್ಕನ ಮನೆಯಿಂದ ಯಾವ ಡಬ್ಬಿಯೂ ಖಾಲಿ ಹೊರಡುವುದಿಲ್ಲ.

ಉಪಾಯವಿಲ್ಲದೆ ಬಾಲ್ಕನಿಯ ಬಸಳೆಯನ್ನು ಬುಡದವರೆಗೆ ಕತ್ತರಿಸಿ ತಂದೆ. ಅಷ್ಟು ಲೋಟ ನೀರು ಕುಡಿದದ್ದಕ್ಕೆ ಅದೂ ಋಣ ತೀರಿಸಿತು. ಆ ಅವಸರದಲ್ಲಿ ಪಾವಿನ ನೆನಪು ಯಾರಿಗೆ? ಕೈ ತನ್ನ ಹಳೆಯ ಲೆಕ್ಕಕ್ಕೆ ಮರಳಿ ಇನ್ನೊಂದು ಪಾತ್ರೆ ತುಂಬ ಅನ್ನ ಮಾಡಿಟ್ಟಿತ್ತು. ಬಾಗಿಲು ತೆರೆದರೆ ಅತ್ತಿಗೆ ನಗುತ್ತಾ ಒಳಗೆ ಬಂದು, "ಎಲೆ ಹಾಕ್ಬೇಡ ಸುಮತಿ, ಹೋಟ್ಲಲ್ಲೇ ಹೊಟ್ಟೆ ತುಂಬ ತಿನ್ಸಿದ್ದಾನೆ ನಿನ್ನ ಗಂಡ," ಎಂದರು. ನಾನು ಇವರನ್ನು ನೋಡಿದೆ. "ಅದನ್ನೇ ಹೇಳ್ಲಿಕ್ಕೆ ಹೊರಟೆ, ಫೋನ್ ಕಟ್ಟಾಯ್ತು," ಎಂದು ಇವರು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ಎಲ್ಲರೂ ಒಂದೊಂದು ಲೋಟ ಮಜ್ಜಿಗೆ ಕುಡಿದು ಮಲಗಿದರು.

ಬೆಳಿಗ್ಗೆ ಶಾರದಕ್ಕನ ಡಬ್ಬಿ ತುಂಬ ಚಿತ್ರಾನ್ನ ಹಿಡಿದು, ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿ ಹೋದೆ. ಅವರು ಮುಚ್ಚಳ ತೆಗೆದು ಮೂಸಿ ನನ್ನ ಮುಖ ನೋಡಿದರು. "ಉಳಿದದ್ದಲ್ಲ, ನಿಮಗೇ ಅಂತ ಮಾಡಿದ್ದು ಶಾರದಕ್ಕ," ಎಂದೆ.

"ಹೌದಾ? ಪಾಪ," ಎಂದರು ಅವರು. "ಹಾಗಾದ್ರೆ ನಾನೊಬ್ಳೇ ತಿಂದ್ರೆ ಸರಿಯಾಗುದಿಲ್ಲ. ಹಂಸಾಬೇನಿಗೂ ಸ್ವಲ್ಪ ಕೊಡ್ತೇನೆ."

ಎರಡು ದಿನದೊಳಗೆ ಅದು ಯಾವ ವೇಷದಲ್ಲಿ ನನ್ನ ಬಾಗಿಲಿಗೆ ಬರುತ್ತದೋ ಗೊತ್ತಿಲ್ಲ. ಈ ಸಲ ಗುರುತು ಸಿಗಲಿ ಎಂದು ನೆಲಗಡಲೆಯನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿದ್ದೇನೆ.