ಹಸಿರು ಚುಕ್ಕೆಯ ಸಪ್ತಾಹ

ಸುಶಾಂತನ ನೆಮ್ಮದಿಯನ್ನೆಲ್ಲ ತಿಂದುಹಾಕಿದ್ದು ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಹಸಿರು ಚುಕ್ಕೆ. ಕುಷಾಯಿಗೂಡದ ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಕೆಲಸ ಮಾಡುವ ಅವನ ಹೆಸರಿನ ಪಕ್ಕದಲ್ಲಿ, ಆಫೀಸಿನ ಚಾಟ್‌ನಲ್ಲಿ, ಆ ಚುಕ್ಕೆ ಬೆಳಗುತ್ತಿದ್ದರೆ ಆಸಾಮಿ ದುಡಿಯುತ್ತಿದ್ದಾನೆ ಎಂದರ್ಥ. ಐದು ನಿಮಿಷ ಮೌಸ್ ಅಲುಗದಿದ್ದರೆ ಅದು ಹಳದಿಯಾಗುತ್ತಿತ್ತು. ಕೆಲಸದಿಂದ ತೆಗೆಯುವಾಗ ಹಳದಿಯವರದೇ ಮೊದಲ ಸರದಿ ಎಂಬ ಸುದ್ದಿ ಹಬ್ಬಿದಾಗಿನಿಂದ ಸುಶಾಂತ ಬಚ್ಚಲಿಗೆ ಹೋಗುವಾಗಲೂ ಓಡುತ್ತಿದ್ದ, ಬರುವಾಗಲೂ ಓಡುತ್ತಿದ್ದ. ನೋಡಿ ನೋಡಿ ಸಾಕಾದ ಹೆಂಡತಿ ಭಕ್ತಿ, ಬೇರೆ ಕೆಲಸ ಹುಡುಕಿಕೊಳ್ಳಿ ಎಂದು ಬೆನ್ನು ಹತ್ತಿದ್ದಳು.

ಹುಡುಕಿದ್ದಕ್ಕೆ ಹಿಮಾಯತ್‌ನಗರದ ಒಂದು ಕಂಪನಿ ಸಂದರ್ಶನಕ್ಕೆ ಕರೆಯಿತು. ಕರೆದದ್ದು ಗುರುವಾರ ಮಧ್ಯಾಹ್ನ, ಸರಿಯಾಗಿ ಕೆಲಸದ ಹೊತ್ತಿಗೆ. ರಜೆ ಕೇಳಿದರೆ ಅನುಮಾನ, ಕೇಳದೆ ಹೋದರೆ ಹಳದಿ. ಆಫೀಸಿನ ಚಾಟನ್ನು ಸ್ವಂತ ಫೋನಿನಲ್ಲಿ ತೆರೆಯುವಂತಿರಲಿಲ್ಲ. ಭಕ್ತಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಕೊನೆಗೆ ಅವನು ತಾಯಿ ಗೋದಾಬಾಯಿಯ ಮುಂದೆ ಮೌಸ್ ಹಿಡಿದು ನಿಂತ.

“ಅವ್ವಾ, ನಾ ಬರೋತನಕಾ ಇದನ್ನ ಸುಮ್ನ ಹಿಂಗ ಅಳ್ಳಾಡಿಸ್ಕೋತ ಕೂಡು. ಏನೂ ಒತ್ತಬ್ಯಾಡ.”

“ಒಬ್ಬಾಕಿನ ಹೆಂಗ ಕೂಡ್ಲೋ? ನನ್ನ ಊಟ, ಗುಳಿಗಿ ಎಲ್ಲಾ ಯಾವಾಗ?” ಎಂದ ಗೋದಾಬಾಯಿಯ ಮುಖ ಮರುಕ್ಷಣವೇ ಅರಳಿತು. “ನೀ ಹೋಗು. ನಮ್ಮ ತವರುಮನ್ಯಾಗ ಭಜನಾ ಸಪ್ತಾಹ ನಡದಾಗ ಏಳು ದಿವಸ ವೀಣಾ ನೆಲಕ್ಕ ಇಡ್ತಿದ್ದಿಲ್ಲ. ಒಬ್ಬರ ಕೈಯಿಂದ ಒಬ್ಬರಿಗೆ ದಾಟಸ್ತಿದ್ರು. ಹಂಗ ಪಹರೆ ಹಚ್ಚತೀನಿ.”

ಪಹರೆ ಎಂಬ ಮಾತು ಕೇಳಿದಾಗಲೇ ಅವನು ಹೆದರಬೇಕಿತ್ತು. ಆದರೆ ಉಪ್ಪಲ್‌ಗೆ ಹೋಗಿ ಮೆಟ್ರೊ ಹಿಡಿಯುವ ಅವಸರ. ಕೊರಳಿಗೆ ಟೈ ಬಿಗಿದುಕೊಂಡು ಓಡಿದ.

ಮೆಟ್ರೊದಲ್ಲಿ ಕುಳಿತ ಮೇಲೆ ಜೀವ ತಡೆಯಲಿಲ್ಲ. ಮನೆಗೆ ಫೋನ್ ಮಾಡಿದ. ಆ ಕಡೆ ತಾಳದ ಸದ್ದು ಝಣಝಣ ಕೇಳಿಸುತ್ತಿತ್ತು.

“ಭಜನಾ ಯಾಕವ್ವಾ?”

“ಸುಮ್ನ ಕೈಯಾಡಿಸಿದ್ರ ನಿದ್ದಿ ಬರ್ತದೋ. ನನ್ನ ಪಾಳಿ ಮುಗೀತು. ಈಗ ಎದುರಮನಿ ಸುಭದ್ರಾಬಾಯಿ ಕೂತಾಳ. ಆಮ್ಯಾಲ ಆಕಿ ಗಂಡ ಗುರುಸಿದ್ದಪ್ಪನವರು.”

“ಅವರನ್ಯಾಕ ಕರದಿ? ಅವರು ಕೈ ಕಟ್ಟಿ ಕೂಡೋ ಪೈಕಿ ಅಲ್ಲ!”

“ಫ್ಯಾಕ್ಟರಿಯೊಳಗ ದೊಡ್ಡ ದೊಡ್ಡ ಮಷೀನ್ ನೋಡಿ ರಿಟೈರ್ ಆದವರು. ಇದೇನ್ ಮಹಾ?” ಎಂದು ಗೋದಾಬಾಯಿ ಫೋನಿಟ್ಟರು.

ಸಂದರ್ಶನಕ್ಕೆ ಹೊರಗೆ ಕಾಯುತ್ತಿದ್ದಾಗ ಗುರುಸಿದ್ದಪ್ಪನವರದೇ ಕರೆ ಬಂತು.

“ತಮ್ಮಾ, ನಿಮ್ಮ ಸಾಹೇಬರದು ಏನೋ ಮೆಸೇಜ್ ಬಂದೈತಿ. ಭಾಳ ಉದ್ದ ಐತಿ. ನಾ ಹೆಬ್ಬೆರಳ ಗುರ್ತು ಒತ್ತೀನಿ, ಚಿಂತಿ ಮಾಡಬ್ಯಾಡ.”

“ಓದದನ ಒತ್ತಿದ್ರ್ಯಾ ಕಾಕಾ?”

“ಇಂಗ್ಲಿಷ್ ಐತಿ, ನನ್ನ ಚಸ್ಮಾ ಮನ್ಯಾಗ ಉಳದೈತಿ. ನಮ್ಮ ಬೀಗರ ಗ್ರೂಪಿನ್ಯಾಗ ಏನ ಬಂದ್ರೂ ನಾ ಹೆಬ್ಬೆರಳ ಒತ್ತತೀನಿ. ಒತ್ತಲಿಲ್ಲಂದ್ರ ಬೀಗರು ಸಿಟ್ಟಾಗ್ತಾರ. ಸಾಹೇಬ್ರಂದ್ರ ಬೀಗರಕಿಂತ ಕಡಿಮಿ ಏನು?”

ಸುಶಾಂತನಿಗೆ ಒಂದು ಸುದ್ದಿ ನೆನಪಾಯಿತು. ತಾವಾಗಿಯೇ ಕೆಲಸ ಬಿಡಲು ಯಾರು ಸಿದ್ಧರಿದ್ದೀರಿ ಎಂದು ಕಂಪನಿ ಈ ವಾರ ಕೇಳಲಿದೆ ಎಂಬ ಗುಸುಗುಸು ಇತ್ತು. ಇದು ಅದೇ ಆಗಿದ್ದರೆ?

“ಕಾಕಾ, ಅದನ್ನ ಮೊದಲ ತೆಗೀರಿ! ಮತ್ತೊಮ್ಮೆ ಒತ್ರಿ!”

ತಾಳದ ನಡುವೆ ಮೌಸ್ ಟಕ್ಕೆಂದಿತು. “ಒತ್ತಿದೆ ತಮ್ಮಾ. ಈಗ ಕೆಂಪು ಹೃದಯ ಬಂತು. ಇದೂ ಛಲೋ ಕಾಣತೈತಿ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಸಂದರ್ಶನ ಮಾಡುವ ಹೆಂಗಸು ಅವನ ಬೆವರು ನೋಡಿ, “ಟೆನ್ಷನ್ ಪಡಕಂಡಿ” ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ ನೀರು ಕೊಟ್ಟಳು. ಆಮೇಲೆ ಈಗಿರುವ ಕೆಲಸವನ್ನು ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದಳು.

“ನಾನು ಬಿಟ್ಟಿಲ್ಲ ಮೇಡಂ! ಆ ಹೆಬ್ಬೆರಳು ನನ್ನದಲ್ಲ!” ಎಂದು ಚೀರಿಬಿಟ್ಟ ಸುಶಾಂತ.

ಅವಳು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು. ಮುಂದಿನ ಪ್ರಶ್ನೆಗಳು ಬರಲೇ ಇಲ್ಲ. ತಿಳಿಸುತ್ತೇವೆ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ರೋಗಿಗೆ ಹೇಳುವಂತೆ ಹೇಳಿ ಕಳಿಸಿದಳು. ಹೊಸ ಕೆಲಸ ಕೈತಪ್ಪಿತು, ಹಳೆಯದನ್ನು ಗುರುಸಿದ್ದಪ್ಪನವರು ಕಳೆದರು ಎಂದುಕೊಳ್ಳುತ್ತ, ಭಕ್ತಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಸಂಕಟಪಟ್ಟ.

ಮನೆಗೆ ಬಂದರೆ ಹಾಲಿನಲ್ಲಿ ಜಮಖಾನ ಹಾಸಿತ್ತು. ಗೋದಾಬಾಯಿ, ಸುಭದ್ರಾಬಾಯಿ ತಾಳ ಹಾಕುತ್ತಿದ್ದರು. ಗುರುಸಿದ್ದಪ್ಪನವರು ಕಣ್ಣು ಮುಚ್ಚಿ ಲಯಕ್ಕೆ ತಕ್ಕಂತೆ ಮೌಸ್ ತಿರುಗಿಸುತ್ತಿದ್ದರು. ಚುಕ್ಕೆ ಹಸಿರಾಗಿಯೇ ಇತ್ತು. ಆ ಮೆಸೇಜ್ ಏನೆಂದು ನೋಡಲು ಸುಶಾಂತ ಬಗ್ಗುವಷ್ಟರಲ್ಲಿ ಲ್ಯಾಪ್‌ಟಾಪ್ ರಿಂಗಾಯಿತು. ಮ್ಯಾನೇಜರ್ ಶಾಂತಕುಮಾರ! ಬೀದರ ಕಡೆಯವರು, ಅವನೊಂದಿಗೆ ಕನ್ನಡದಲ್ಲೇ ಮಾತು. ತಾಳ ನಿಲ್ಲಿಸಲು ಸನ್ನೆ ಮಾಡಿ, ಮುಖ ಕಾಣಿಸದಂತೆ ಕ್ಯಾಮೆರಾ ಮುಚ್ಚಿ ಕರೆ ತೆಗೆದುಕೊಂಡ.

“ಸುಶಾಂತ್, ನಿಮ್ಮ ಹೆಬ್ಬೆರಳು ನೋಡಿದೆ.”

“ಸರ್, ಅದು ತಪ್ಪಿ...”

“ಸಂಕೋಚ ಬ್ಯಾಡ್ರಿ. ಇಷ್ಟು ಮಂದ್ಯಾಗ ಒಪ್ಪಿಕೊಂಡವರು ನೀವೊಬ್ಬರ. ಅದೂ ಸುಮ್ನ ಅಲ್ಲ, ಹೃದಯ ಇಟ್ಟು! ಮ್ಯಾಲಿನವರಿಗೂ ಹೇಳೇನಿ.”

“ಅಂದ್ರ ಸರ್... ನನ್ನ ನೌಕ್ರಿ?”

“ನಿಮ್ಮ ನೌಕ್ರಿ ಗಟ್ಟಿ. ಇನ್ನ ನಿಮಗ್ಯಾರೂ ಕೈ ಹಚ್ಚಂಗಿಲ್ಲ.”

ಹೋದ ಜೀವ ಬಂತು. ಗೋದಾಬಾಯಿ ದೇವರ ಕಡೆಗೆ ತಿರುಗಿ ಕೈ ಮುಗಿದರು. ಗುರುಸಿದ್ದಪ್ಪನವರು, ನೋಡಿದೆಯಾ ಎಂಬಂತೆ ಮೀಸೆ ತಿರುವಿದರು.

“ನಮ್ಮ ಟೀಮಿನ್ಯಾಗ ಯಾರೋ ಕೆಲಸ ಬಿಟ್ಟು ಬರೇ ಮೌಸ್ ಅಳ್ಳಾಡಿಸ್ಲಿಕ್ಕತ್ತಾರ,” ಎಂದು ಶಾಂತಕುಮಾರ ಮುಂದುವರಿಸಿದರು. “ಇವತ್ತು ಮಧ್ಯಾಹ್ನದಿಂದ ಒಂದ ಅಕ್ಷರ ಟೈಪ್ ಆಗಿಲ್ಲ, ಮೌಸ್ ಮಾತ್ರ ಗಾಣದ ಎತ್ತಿನಂಗ ಸುತ್ತೇದ. ಮಷೀನ್ ನಂಬರಷ್ಟ ಬಂದದ, ಹೆಸರಿಲ್ಲ. ಅವರನ್ನ ಹಿಡಿಯೋ ಜವಾಬ್ದಾರಿ ಯಾರು ತಗೋತೀರಿ ಅಂತ ಕೇಳಿದ್ದೆ. ನೀವು ಒಪ್ಪಿದ್ರಿ. ಸೋಮವಾರ ಹೆಸರು ಕೊಡ್ರಿ, ಅವತ್ತ ತೆಗದುಹಾಕೋಣು.”

ಕರೆ ಮುಗಿಯಿತು. ಸುಶಾಂತ ಲ್ಯಾಪ್‌ಟಾಪ್ ಎತ್ತಿ, ಅದರ ತಳದಲ್ಲಿ ಅಂಟಿಸಿದ್ದ ಮಷೀನ್ ನಂಬರನ್ನು ಅಂಗೈಯಿಂದ ಮುಚ್ಚಿದ.

“ಏನ್ ಮಂದಿಯೋ ಏನೋ! ಕೂತು ಪಗಾರ ತಿಂತಾರ,” ಎಂದ ಗುರುಸಿದ್ದಪ್ಪನವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಅಂಥವ್ನ ಬಿಡಬ್ಯಾಡ ತಮ್ಮಾ, ಕೊಳ್ಳಪಟ್ಟಿ ಹಿಡದು ಕೊಟ್ಟುಬಿಡು. ಬೇಕಂದ್ರ ನಾವೂ ಕೈಗೂಡಿಸ್ತೀವಿ.”

ಹಾಗೆನ್ನುತ್ತ ಅವರು ಮತ್ತೆ ಮೌಸ್ ತಿರುಗಿಸತೊಡಗಿದರು.